ಅಕ್ಕನ ತಲೆಯ ಮೇಲಿನ ಬೀಸುವ ಕಲ್ಲು

ಬೆಳಿಗ್ಗೆ ಎದ್ದು ಕಸಬರಿಕೆ ಹಿಡಿದು ಬಂದ ತಂಗಿ, ಮೂಲೆಯಲ್ಲಿದ್ದ ಕಲ್ಲಿನ ಮೇಲೆ ರೂಢಿಯಂತೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಕಲ್ಲು ಬೆಚ್ಚಗಿತ್ತು.

ಬೀಸಿ ಮುಗಿಸಿದ ಕಲ್ಲು ಬೆಚ್ಚಗಿರುವುದು ಅವಳಿಗೆ ಹೊಸದಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಮುಟ್ಟಿದ ಬೆಚ್ಚನೆಯ ವಸ್ತುಗಳಲ್ಲಿ ಆ ಕಲ್ಲೇ ಹೆಚ್ಚು. ಆದರೆ ಈಗ ಮೂಲೆಯಲ್ಲಿ ಉಳಿದಿದ್ದದ್ದು ಕೆಳಗಿನ ಕಲ್ಲು ಮಾತ್ರ. ಅದರ ಜೋಡಿ, ಮೇಲಿನ ಕಲ್ಲು, ಊರಾಚೆಯ ಸ್ಮಶಾನದಲ್ಲಿ ಅಕ್ಕನ ತಲೆಯ ಮೇಲಿತ್ತು. ಮೂಲೆಗೆ ಬಿಸಿಲು ಬರುವುದಿಲ್ಲ. ಒಲೆ ಇರುವುದು ಆಚೆ ಕೋಣೆಯಲ್ಲಿ. ಒಂಟಿ ಕಲ್ಲಿನಲ್ಲಿ ಯಾರು ಬೀಸಿದರು, ಏನನ್ನು ಬೀಸಿದರು?

"ಅತ್ತೆ, ಹಾಲು ಉಕ್ತಾ ಇದೆ, ನೋಡ್ಬಾರದಾ?" ಎಂದು ಸೊಸೆ ಕೂಗಿದಳು. ತಂಗಿ ಕೈ ತೆಗೆದಳು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲವಾದರೂ.

ಅವಳ ತಲೆ ಪೂರ್ತಿ ನೆರೆತಿತ್ತು, ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಳು. ಆದರೂ ಬೀದಿಯವರಿಗೆಲ್ಲ ಅವಳು ಹಿಟ್ಟಿನ ತಂಗಿ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಹೊಸ ಸೊಸೆಯಾಗಿ ತಂಗಿ ಹೊಸ್ತಿಲು ದಾಟಿ ಒಳಗೆ ಬಂದ ಮಾರನೆಯ ದಿನವೇ ಅಕ್ಕ ಎದುರಿನ ನೆಲವನ್ನು ಅಂಗೈಯಿಂದ ತಟ್ಟಿ, "ಕೂತ್ಕೋ. ಒಂಟಿ ಕೈಲಿ ಎಳೆದೂ ಎಳೆದೂ ನನ್ನ ಭುಜ ಬಿದ್ದುಹೋಗಿದೆ. ನೀನು ಬರ್ಲಿ ಅಂತಲೇ ಕಾಯ್ತಿದ್ದೆ" ಎಂದಿದ್ದಳು. ಅಂದು ಕೂತವಳು ಅಲ್ಲೇ ಮುದುಕಿಯಾದಳು. ಲಾರಿಗೆ ಮೂಟೆ ಹೊರುತ್ತಿದ್ದ ಗಂಡಂದಿರಿಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಕಲ್ಲು ನಿಲ್ಲಲಿಲ್ಲ. ಕೂಸಿನ ಹಿಟ್ಟು, ಕಾಯಿಲೆಯವರ ಹಿಟ್ಟು, ಹಲ್ಲು ಬಿದ್ದವರ ನುಣ್ಣನೆಯ ಹಿಟ್ಟು ಎಂದು ಬೀದಿಯವರು ಕಾಳು ತಂದು ಸುರಿಯುತ್ತಲೇ ಇದ್ದರು. ಮೋಟಾರು ಗಿರಣಿ ಬಂದಾಗ ಒಬ್ಬಾಕೆ, "ಗಿರಣಿ ಹಿಟ್ಟು ಬೆಂದುಹೋಗಿರುತ್ತೆ, ಜೀವ ಇರಲ್ಲ. ನಿಮ್ಮ ಹಿಟ್ಟಿನಲ್ಲಿ ಜೀವ ಇರುತ್ತೆ" ಎಂದಳು. "ಇರುತ್ತೆ ತಾಯಿ. ಅದು ನಮ್ಮದೇ" ಎಂದಳು ಅಕ್ಕ.

ಬೀಸುವ ಕಲ್ಲಿನ ಗೂಟವನ್ನು ಇಬ್ಬರು ಹಿಡಿದಾಗ ಅರ್ಧ ಸುತ್ತು ಒಬ್ಬಳದು, ಇನ್ನರ್ಧ ಎದುರಿನವಳದು. ತನ್ನ ಪಾಲು ಎಳೆದು ಬಿಟ್ಟುಕೊಡಬೇಕು, ಎದುರಿನವಳು ಎಳೆದುಕೊಳ್ಳಬೇಕು. ಹೀಗೆ ವರ್ಷಗಟ್ಟಲೆ ಕೂತವರಿಗೆ ಬಾಯಿಗಿಂತ ಗೂಟವೇ ಚೆನ್ನಾಗಿ ಮಾತಾಡುತ್ತದೆ. ಅಕ್ಕನಿಗೆ ಸಿಟ್ಟು ಬಂದಿದ್ದರೆ ಗೂಟ ಜಗ್ಗಿ ಹೋಗುತ್ತಿತ್ತು. ಮನಸ್ಸು ಹಗುರವಾಗಿದ್ದರೆ ತನ್ನ ಅರ್ಧ ಮುಗಿದ ಮೇಲೂ ಕೈ ಬಿಡದೆ, ತಂಗಿಯ ಪಾಲಿನಲ್ಲಿ ಒಂದಿಷ್ಟು ತಾನೇ ತಳ್ಳಿಕೊಡುತ್ತಿದ್ದಳು. ಭುಜ ನೋಯುತ್ತಿದ್ದರೆ ಸುತ್ತಿನ ಕೊನೆಗೆ ಸಣ್ಣದೊಂದು ಎಡವು. ನೋವು ಎಂದು ಅಕ್ಕ ಬಾಯಿಬಿಟ್ಟು ಹೇಳಿದವಳಲ್ಲ. ಆ ಎಡವಿನಲ್ಲೇ ತಂಗಿಗೆ ಗೊತ್ತಾಗುತ್ತಿತ್ತು.

ತಂಗಿಯ ಮಗ ಬಸ್ಸಿನ ಕಾರ್ಖಾನೆಗೆ ಸೇರಿ ಮನೆ ನಡೆಸುವಂತಾದಾಗ ಅಕ್ಕ, "ಸಾಕು ಕಣೇ. ಬೀಸೋದು ಬಿಟ್ಟು ಕಲ್ಲು ಇಳಿಸೋಣ" ಎಂದಳು.

"ಕಲ್ಲು ಇಳಿಸಿ ಏನು ಮಾಡೋಣ ಅಕ್ಕ? ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋಣವಾ?"

"ನೋಡ್ಕೊಂಡು ಕೂರೋಣ. ಅದರಲ್ಲೇನು ತಪ್ಪು?"

ತಂಗಿ ನಕ್ಕುಬಿಟ್ಟಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಕಾಳು ಸುರಿದು ತನ್ನ ಜಾಗದಲ್ಲಿ ಕೂತಳು. ಅಕ್ಕ ಬಂದು ಎದುರು ಕೂತಳು, ಗೂಟ ಹಿಡಿದಳು, ಮಾತು ಬಿಟ್ಟಳು. ಬೀದಿಯವರ ಜತೆ, ಸೊಸೆಯ ಜತೆ, ಬೆಕ್ಕಿನ ಜತೆ ಕೂಡ ಮಾತು. ತಂಗಿಯ ಜತೆ ಇಲ್ಲ. ಇಂದು ಸರಿಹೋಗುತ್ತಾಳೆ, ನಾಳೆ ಸರಿಹೋಗುತ್ತಾಳೆ ಎಂದು ತಂಗಿ ಕಾದಳು. ವರ್ಷಗಳೇ ಕಳೆದವು. ಕಲ್ಲು ಮಾತ್ರ ಸುತ್ತುತ್ತಿತ್ತು.

ಕೊನೆಗೆ ಹಾಸಿಗೆ ಹಿಡಿದ ಅಕ್ಕ, ಒಂದು ಮಧ್ಯಾಹ್ನ ತಂಗಿಯ ಮಣಿಕಟ್ಟು ಹಿಡಿದು ಬಾಯಿಬಿಟ್ಟಳು. "ಆ ಕಲ್ಲನ್ನ ನನ್ನ ತಲೆ ಮೇಲಿಡು. ಸಾಕು ಇನ್ನು."

ಅಷ್ಟು ವರ್ಷದ ಮೇಲೆ ಬಂದ ಮಾತು ಅದು. ಮತ್ತೆ ಬರಲಿಲ್ಲ. ಅಕ್ಕ ತನ್ನನ್ನು ಕ್ಷಮಿಸಿ, ಇಬ್ಬರೂ ಹಿಡಿದ ಕಲ್ಲನ್ನೇ ತಲೆಯ ಮೇಲೆ ಕೇಳಿದಳು ಎಂದು ತಂಗಿ ಅತ್ತಳು. ಇಟ್ಟೇ ಇಡುತ್ತೇನೆ ಎಂದು ಅಕ್ಕನ ಕಿವಿಯಲ್ಲಿ ಮಾತು ಕೊಟ್ಟಳು.

ಗಾರೆಯವನು ಗೋರಿಯ ಮೇಲೆ ಚಪ್ಪಡಿ ಹಾಸಿ, ಕಲ್ಲು ಜಾರದಿರಲೆಂದು ನಡುವೆ ಕಬ್ಬಿಣದ ಕೀಲು ನಿಲ್ಲಿಸಿ, ಅದರ ಮೇಲೆ ಬೀಸುವ ಕಲ್ಲನ್ನು ಇಳಿಸಿದ. ಚಪ್ಪಡಿಯ ಅಂಚಿನಲ್ಲಿ, ತಲೆಯ ಕಡೆ, ಅಕ್ಕನ ಹೆಸರು ಕೆತ್ತಿದ. ಅವನು ಕೈ ತೊಳೆಯಲು ಹೋದಾಗ ತಂಗಿ ಮಾಡಿದ ಕೆಲಸ ಅವಳ ಮನಸ್ಸಿನದಲ್ಲ, ಕೈಯದು. ಗೂಟದ ಕುಳಿ ಬರಿದಾಗಿರುವುದನ್ನು ಕಂಡು, ಕಲ್ಲಿನ ಜತೆ ಗಾಡಿಯಲ್ಲಿ ಬಂದಿದ್ದ ಗೂಟವನ್ನು ಕುಳಿಗೆ ಹಾಕಿ ಗುದ್ದಿ ಕೂರಿಸಿದಳು. ಸೆರಗಿನ ಗಂಟಿನಲ್ಲಿದ್ದ ಒಂದು ಹಿಡಿ ಗೋಧಿಯನ್ನು ಕಲ್ಲಿನ ಬಾಯಿಗೆ ಸುರಿದಳು. ಬೀಸುವವರು ಕಲ್ಲನ್ನು ಬರಿಬಾಯಲ್ಲಿ ಬಿಡುವುದಿಲ್ಲ. ಬರಿದಾಗಿ ತಿರುಗಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಇದನ್ನು ಅವಳಿಗೆ ಕಲಿಸಿದವಳೂ ಅಕ್ಕನೇ.

ಮನೆಯ ಕಲ್ಲು ಬೆಚ್ಚಗಾದದ್ದು ಅದಾದ ಕೆಲವೇ ದಿನಕ್ಕೆ.

ಅಂದು ತಿಂಡಿಯನ್ನೂ ತಿನ್ನದೆ ತಂಗಿ ಸ್ಮಶಾನಕ್ಕೆ ನಡೆದಳು. ಬೇಕರಿ, ಸೈಕಲ್ ಅಂಗಡಿ, ಬಟ್ಟೆ ಇಸ್ತ್ರಿ ಮಾಡುವವನ ಗೂಡು ದಾಟಿದರೆ ಎತ್ತರದ ಗೋಡೆ, ಕಬ್ಬಿಣದ ಗೇಟು. ಒಳಗೆ ಸಾಲು ಸಾಲು ತಗ್ಗು ಕಲ್ಲುಗಳು, ಎಲ್ಲವೂ ಒಂದೇ ಅಳತೆ, ಹೆಚ್ಚಿನವು ಒಂದೇ ಬಣ್ಣ. ಅಕ್ಕನ ಗುಂಡುಕಲ್ಲು ದೂರದಿಂದಲೇ ಕಾಣುತ್ತಿತ್ತು. ಹತ್ತಿರ ಹೋದವಳು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕಲ್ಲಿನ ಸುತ್ತ ಚಪ್ಪಡಿಯ ಮೇಲೆ ಬೆಳ್ಳನೆಯ ಹಿಟ್ಟಿನ ಏರಿ. ಬೆರಳಲ್ಲಿ ತೆಗೆದು ತಿಕ್ಕಿ ನೋಡಿದಳು. ನುಣುಪು ಅಕ್ಕನದೇ. ತಾನೊಬ್ಬಳೇ ಬೀಸಿದರೆ ತರಿ ಉಳಿಯುತ್ತದೆ, ಇದರಲ್ಲಿ ತರಿಯಿಲ್ಲ. ಅಂದು ಹೆಸರಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದ ಗೂಟ ಈಗ ಕಾಲಿನ ಕಡೆಗೆ, ಎದುರು ಕೂರುವವಳು ಕೂರಬೇಕಾದ ಕಡೆಗೆ, ತಿರುಗಿ ನಿಂತಿತ್ತು. ಅಕ್ಕ ತನ್ನ ಅರ್ಧ ಮುಗಿಸಿ, ಇನ್ನು ನಿನ್ನದು ಎಂದು ಬಿಟ್ಟುಕೊಟ್ಟ ಹಾಗೆ.

ಮೈ ಜುಮ್ಮೆಂದಿತು. ಅದರ ಹಿಂದೆಯೇ ಒಂದು ಸಂತೋಷವೂ ಬಂತು. ಬದುಕಿದ್ದಾಗ ಮಾತು ಬಿಟ್ಟವಳು ಈಗ ಮಾತಾಡುತ್ತಿದ್ದಾಳೆ. ತಂಗಿ ಸುತ್ತ ನೋಡಿ, ಸೆರಗಿನಿಂದ ಇನ್ನೊಂದು ಹಿಡಿ ಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕಿದಳು.

ಆಮೇಲೆ ದಿನವೂ ಹಾಕಿದಳು. ದಿನವೂ ಹಿಟ್ಟು. ಗೂಟ ದಿನವೂ ಅವಳ ಕಡೆಗೇ. ಮನೆಯಲ್ಲಿ ಬೆಳಗಿನ ಹೊತ್ತು ಕೆಳಗಿನ ಕಲ್ಲು ಬೆಚ್ಚಗೆ. ಬೆಕ್ಕು ಕಂಡುಕೊಂಡು ಅದರ ಮೇಲೆಯೇ ಮಲಗತೊಡಗಿತು. "ನೋಡಿ ಅತ್ತೆ, ಇದಕ್ಕೆ ಹಾಸಿಗೆ ಬೇರೆ ಆಯ್ತು. ಎದ್ದೇಳೋ ಸೋಮಾರಿ" ಎಂದು ಸೊಸೆ ಅದನ್ನು ಗದರಿದಳು. ಕಲ್ಲು ಯಾಕೆ ಬೆಚ್ಚಗಿದೆ ಎಂದು ಅವಳು ಕೇಳಲಿಲ್ಲ.

ಅಕ್ಕನ ಪಕ್ಕದಲ್ಲಿದ್ದದ್ದು ಕನ್ನಡಕದ ಅಂಗಡಿಯವರ ಹೆಂಡತಿಯ ಗೋರಿ. ಕಪ್ಪಗೆ, ಮುಖ ಕಾಣುವಂತೆ ಹೊಳೆಯುವ ಕಲ್ಲು. ಅಳತೆಯಲ್ಲಿ ಸ್ಮಶಾನದ ನಿಯಮ ಮೀರಿರಲಿಲ್ಲ, ಹೊಳಪಿಗೆ ನಿಯಮವಿರಲಿಲ್ಲ. ಅವರು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬಂದು, ಕನ್ನಡಕದ ಗಾಜು ಒರೆಸುವ ಮೆತ್ತನೆಯ ಬಟ್ಟೆಯಿಂದ ಆ ಕಲ್ಲನ್ನು ಒರೆಸಿ ಹೋಗುತ್ತಿದ್ದರು. ಮೊದಮೊದಲು ತಂಗಿಯನ್ನು ಕಂಡರೆ ತಲೆಬಾಗಿಸುತ್ತಿದ್ದರು. ಒಂದು ದಿನ ನಿಂತರು.

"ಅಮ್ಮ, ತಪ್ಪು ತಿಳ್ಕೋಬೇಡಿ. ಇದು ಏನು?" ಎಂದು ಕಪ್ಪು ಕಲ್ಲಿನ ಮೇಲೆ ಬೆರಳಾಡಿಸಿ ತೋರಿಸಿದರು. ಬೆರಳ ತುದಿ ಬೆಳ್ಳಗಾಗಿತ್ತು.

"ಹಿಟ್ಟು."

"ಹಿಟ್ಟು ಅಂತ ನನಗೂ ಗೊತ್ತಾಗುತ್ತೆ. ನಮ್ಮನೆಯವಳ ಮುಖದ ಮೇಲೆ ಯಾಕಿದೆ?"

"ಗಾಳಿಗೆ ಬಂದಿರುತ್ತೆ."

"ಗಾಳಿ ಬೀಸುತ್ತೆ, ಒಪ್ಪಿದೆ. ಕಾಳು ಬೀಸುತ್ತಾ?" ಅವರು ನಗಲಿಲ್ಲ. "ನಿಮ್ಮ ಮನೆಯವರು ಯಾರೋ ಬಂದು ಆಟ ಆಡ್ತಿದ್ದಾರೆ. ಹಿಟ್ಟು ಇದ್ದ ಕಡೆ ಇಲಿ ಬರುತ್ತೆ. ಇಲಿ ಬಂದರೆ ಬಿಲ ತೋಡುತ್ತೆ. ಇಲ್ಲಿ ಬಿಲ ತೋಡಿದರೆ ಅದು ಎಲ್ಲಿಗೆ ಹೋಗುತ್ತೆ ಹೇಳಿ."

ಅವರು ಸಮಿತಿಗೆ ದೂರು ಕೊಟ್ಟರು.

ಸ್ಮಶಾನ ಸಮಿತಿಯ ಅಧ್ಯಕ್ಷೆ ಹೆರಿಗೆ ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಬರುವಾಗಲೂ ಇವಳೇ, ಹೋಗುವಾಗಲೂ ಇವಳೇ ಜಾಗ ತೋರಿಸೋದು ಎಂದು ಜನ ತಮಾಷೆ ಮಾಡುತ್ತಿದ್ದರು. ತಂಗಿಯ ಮಗನನ್ನು ಎತ್ತಿಕೊಟ್ಟವಳೂ ಅವಳೇ. ಅವಳು ಮನೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೊಸೆ ಕೊಟ್ಟ ಕಾಫಿಯನ್ನು ಆರಲು ಬಿಟ್ಟು ಮಾತು ಶುರುಮಾಡಿದಳು.

"ಗೇಟಿನ ಹತ್ತಿರ ತಗಡಿನ ಬೋರ್ಡ್ ಇದೆ. ನಿಂಗೆ ಓದಕ್ಕೆ ಬರಲ್ಲ, ಅದಕ್ಕೇ ನಾನೇ ಬಂದೆ. ಕಲ್ಲು ಒಂದು ಗೇಣಿಗಿಂತ ಎತ್ತರ ಇರಬಾರದು. ಮರದ್ದು ಏನೂ ಇರಬಾರದು. ತಿನ್ನೋ ಪದಾರ್ಥ ಇಡಬಾರದು. ಅಲ್ಲಾಡೋದು, ತಿರುಗೋದು ಏನೂ ಇರಬಾರದು."

"ಎತ್ತರ ಸರಿಯಾಗಿದೆ ನರ್ಸಮ್ಮ. ಗಾರೆಯವನು ಗೇಣು ಹಾಕಿಯೇ ಇಟ್ಟಿದ್ದಾನೆ."

"ಎತ್ತರ ಒಂದೇ ಸರಿ. ಬಾಕಿ ಎಲ್ಲ ತಪ್ಪು. ನಿನಗೆ ಅಂತ ಬಿಟ್ಟರೆ ನಾಳೆ ಇನ್ನೊಬ್ಬ ಬಂದು ಸೈಕಲ್ ನಿಲ್ಲಿಸ್ತಾನೆ."

"ಅಂಚೆಯವನ ಗೋರಿ ಮೇಲೆ ಸೈಕಲ್ ಇಟ್ಟಿದ್ರಲ್ಲ."

"ಇಟ್ಟಿದ್ರು. ಈಗೆಲ್ಲಿದೆ ಅದು?"

ಹಿಂದಿನ ಗೋಡೆಯ ಬಳಿ, ತೆಗೆದುಹಾಕಿದ ವಸ್ತುಗಳ ರಾಶಿಯಲ್ಲಿ, ಎಂಬುದು ಇಬ್ಬರಿಗೂ ಗೊತ್ತಿತ್ತು. ಅಂಚೆಯವನ ಸೈಕಲ್, ದರ್ಜಿಯ ಹೊಲಿಗೆ ಯಂತ್ರದ ಕಾಲುಮಣೆ, ಯಾರೋ ತಾಯಿ ಮಾಡಿಸಿದ್ದ ಅಮೃತಶಿಲೆಯ ಪುಟ್ಟ ಮಂಚ, ಎಲ್ಲವೂ ಅಲ್ಲಿ ಹುಲ್ಲಿನಲ್ಲಿ ಮುಳುಗಿದ್ದವು.

"ಅಕ್ಕ ಕೇಳಿದ್ದು ಅದೊಂದೇ. ಮಾತು ಕೊಟ್ಟಿದ್ದೀನಿ ನರ್ಸಮ್ಮ. ಅದನ್ನ ಆ ರಾಶಿಗೆ ಹಾಕಿದ್ರೆ ನಾನು ಅವಳಿಗೆ ಮುಖ ತೋರಿಸೋದು ಹೇಗೆ?"

ನರ್ಸಮ್ಮ ಕಾಫಿ ಎತ್ತಿಕೊಂಡಳು. "ಮುಂದಿನ ಭಾನುವಾರದವರೆಗೆ ಸಮಯ ಇದೆ. ಕಾಳು ಹಾಕೋದನ್ನ ಇವತ್ತೇ ನಿಲ್ಲಿಸು. ರಾತ್ರಿ ಬಂದು ತಿರುಗಿಸೋರು ಯಾರು ಅಂತ ನಿನಗೆ ಗೊತ್ತಿದ್ರೆ ಅವರಿಗೂ ಹೇಳು."

"ಹೇಳ್ತೀನಿ" ಎಂದುಬಿಟ್ಟಳು ತಂಗಿ. ಹೇಳಿದ ಮೇಲೆ, ಹೇಳಬೇಕಾದದ್ದು ಯಾರಿಗೆ ಎಂದು ಹೊಳೆಯಿತು.

ಅಂದಿನಿಂದ ಕಾಳು ನಿಲ್ಲಿಸಿದಳು. ಮಾರನೆಯ ದಿನ ಹೋದಾಗ ಗೇಟಿನ ಕಾವಲುಗಾರ ಎದ್ದು ಬಂದ. ದೊಡ್ಡ ಮೈಯಾಳು, ಎಲ್ಲರನ್ನೂ ರೇಗಿಸುವವನು. ಅಂದು ರೇಗಿಸಲಿಲ್ಲ.

"ಹಿಟ್ಟಿನಮ್ಮ, ಬೀಗ ನಾನೇ ಹಾಕ್ತೀನಿ, ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ. ಯಾರೂ ಒಳಗೆ ಬರಲ್ಲ. ಆದರೂ ನಾನು ಕೋಣೇಲಿ ಮಲಗಿದ್ರೆ ಗುರ್ರ್ ಗುರ್ರ್ ಅಂತ ಕೇಳುತ್ತೆ."

"ಎದ್ದು ನೋಡಬಾರದಾ?"

"ನೀವು ಬಂದು ನೋಡಿ" ಎಂದು ಅವನು ಬೇರೆ ಕಡೆ ತಿರುಗಿದ.

ಕಲ್ಲಿನ ಸುತ್ತ ಅಂದು ಹಿಟ್ಟಿರಲಿಲ್ಲ. ಬೂದುಬಣ್ಣದ ಪುಡಿಯಿತ್ತು. ತಂಗಿ ಅದನ್ನು ನಾಲಿಗೆಗೆ ತಾಗಿಸಿ ನೋಡಿ ಉಗಿದಳು. ಕಲ್ಲಿನ ಪುಡಿ. ಬಾಯಿ ಬರಿದಾಗಿದ್ದರೂ ಕಲ್ಲು ನಿಂತಿರಲಿಲ್ಲ. ಕೆಳಗಿನ ಚಪ್ಪಡಿಯನ್ನು ಸವೆಸುತ್ತಿತ್ತು. ಆ ಚಪ್ಪಡಿಯ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಅಕ್ಕ.

ಮನೆಯ ಕಲ್ಲು ಆ ವಾರವೆಲ್ಲ ಕೈಯಿಡಲಾಗದಷ್ಟು ಬಿಸಿಯಾಯಿತು. ಬೆಕ್ಕು ಅದನ್ನು ಬಿಟ್ಟಿತು. ಅಕ್ಕ ಕೂರುತ್ತಿದ್ದ ಜಾಗದ ಮುಂದೆ ಬಾಲ ಸುತ್ತಿಕೊಂಡು ಕೂತು, ಯಾರದೋ ಕೈ ಹೋಗಿ ಬರುವುದನ್ನು ನೋಡುವ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ತಲೆ ತಿರುಗಿಸುತ್ತಿತ್ತು. ಸೊಸೆ ಕೊನೆಗೂ ಕೇಳಿದಳು.

"ಅತ್ತೆ, ಏನು ನಡೀತಿದೆ ಈ ಮನೇಲಿ?"

"ಅಕ್ಕನಿಗೆ ಹಸಿವು" ಎಂದಳು ತಂಗಿ. "ಕಾಳು ಹಾಕಬೇಡ ಅಂದುಬಿಟ್ರು. ಬರಿಗಲ್ಲು ಎಳೀತಿದ್ದಾಳೆ ಪಾಪ."

"ದೊಡ್ಡತ್ತೆಗೆ ಹಸಿವಾದ್ರೆ ಅನ್ನ ಕೇಳ್ತಿದ್ರು. ಯಾವತ್ತಾದ್ರೂ ಬೀಸೋಕೆ ಕಾಳು ಕೊಡಿ ಅಂತ ಕೇಳಿದ್ದು ಉಂಟಾ?"

ಸೊಸೆ ಅಷ್ಟು ಹೇಳಿ ಒಳಗೆ ಹೋದಳು. ಮಾತು ಮುಳ್ಳಿನಂತೆ ಎಲ್ಲೋ ತಾಗಿತು. ಆದರೆ ತಂಗಿಯ ತಲೆ ಪೂರ್ತಿ ಭಾನುವಾರದಲ್ಲಿತ್ತು. ಕಲ್ಲು ಉಳಿಯಬೇಕು, ಕಾಳು ಹಾಕಲು ಬಿಡಬೇಕು, ಬೇಕಾದರೆ ನರ್ಸಮ್ಮನ ಕಾಲಿಗೆ ಬೀಳುತ್ತೇನೆ ಎಂದು ಲೆಕ್ಕ ಹಾಕಿದ್ದಳು.

ಭಾನುವಾರ ಒಳ್ಳೆಯ ಬಿಸಿಲು. ಗಾರೆಯವನು ಹಾರೆ ತಂದಿದ್ದ. ನರ್ಸಮ್ಮ ಕೊಡೆ ಹಿಡಿದು ನಿಂತಿದ್ದಳು. ಕನ್ನಡಕದವರು ತಮ್ಮ ಹೆಂಡತಿಯ ಕಲ್ಲಿಗೆ ಬಟ್ಟೆ ಹೊದಿಸಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ನಿದ್ದೆ ಹೋದ ಮಗುವನ್ನು ಸದ್ದಿನಿಂದ ಕಾಯುವವರ ಹಾಗೆ.

"ನರ್ಸಮ್ಮ, ಇನ್ನೊಂದು ಸಲ ಯೋಚನೆ ಮಾಡಿ. ದಿನಕ್ಕೆ ಒಂದೇ ಹಿಡಿ ಹಾಕ್ತೀನಿ. ಹಿಟ್ಟನ್ನ ನಾನೇ ಗುಡಿಸ್ತೀನಿ."

"ಆಗಲ್ಲ ಕಣಮ್ಮ. ಮೊದಲು ಆ ಗೂಟ ಕೀಳಪ್ಪ" ಎಂದು ನರ್ಸಮ್ಮ ಕಾವಲುಗಾರನಿಗೆ ಹೇಳಿದಳು.

ಕಾವಲುಗಾರ ಒಂದು ಕೈಯಲ್ಲಿ ಹಿಡಿದು ಎಳೆದ. ಎರಡು ಕೈ ಹಾಕಿದ. ಕಾಲನ್ನು ಕಲ್ಲಿಗೆ ಒತ್ತಿಟ್ಟು ಎಳೆದ. ಕುತ್ತಿಗೆಯ ನರ ಉಬ್ಬಿದವು. ಗೂಟ ಕದಲಲಿಲ್ಲ. "ನೀರು ಕುಡಿದು ಉಬ್ಬಿಕೊಂಡಿದೆ" ಎಂದು ಗಾರೆಯವನು ಹಾರೆಯನ್ನು ಕಲ್ಲಿನ ಕೆಳಗೆ ತೂರಿಸಿ ಮೀಟಿದ. ಹಾರೆ ಬಾಗಿತು. ಕಲ್ಲು ಏಳಲಿಲ್ಲ. ಕೆಳಗಿನಿಂದ ಯಾರೋ ತಬ್ಬಿ ಹಿಡಿದುಕೊಂಡಿದ್ದಾರೆ ಎನ್ನುವಂತೆ ಕೂತಿತ್ತು. ಗಾರೆಯವನು ಹಾರೆ ಬಿಟ್ಟು ಹಿಂದೆ ಸರಿದ.

"ಒಡೆದು ತೆಗೆಯೋದೇ" ಎಂದ ಮೆಲ್ಲಗೆ.

"ಒಡೀಬೇಡ" ಎಂದಳು ತಂಗಿ. ಅವಳು ಹೋಗಿ ಅಕ್ಕನ ಕಾಲಿನ ಕಡೆ, ತನ್ನ ಜಾಗದಲ್ಲಿ ಕೂತಳು. ಮನೆಯಲ್ಲಿ ಕೂರುವಂತೆಯೇ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ. ಗೂಟ ಅವಳ ಕಡೆಗೇ ಇತ್ತು. ಅಷ್ಟು ದಿನ ಅದನ್ನು ನೋಡಿದ್ದಳು, ಸಂತೋಷಪಟ್ಟಿದ್ದಳು, ಹಿಡಿದಿರಲಿಲ್ಲ. ಈಗ ಹಿಡಿದಳು.

ಕಲ್ಲು ತಿರುಗಿತು. ಬರಿಗಲ್ಲಿನ ಸದ್ದು ಹಲ್ಲಿನೊಳಗೆ ಹೊಕ್ಕಿತು. ತಂಗಿ ತನ್ನ ಅರ್ಧ ಎಳೆದು ಕೈ ಸಡಿಲಿಸಿದಳು. ಎದುರಿನ ಅರ್ಧವನ್ನು ಯಾರೋ ಎಳೆದುಕೊಂಡರು. ನಿಂತು ನೋಡುತ್ತಿದ್ದವರಿಗೆ ಮುದುಕಿಯೊಬ್ಬಳು ಕಲ್ಲು ತಿರುಗಿಸುತ್ತಿರುವುದಷ್ಟೇ ಕಂಡಿತು. ಅವಳಿಗೆ ಮಾತ್ರ ಅಂಗೈಯಲ್ಲಿ ಗೊತ್ತಾಯಿತು. ಸಿಟ್ಟಿನ ಜಗ್ಗಾಟವಲ್ಲ ಅದು. ತನ್ನ ಪಾಲನ್ನೂ ತಳ್ಳಿಕೊಡುವ ಸಂತೋಷವೂ ಅಲ್ಲ. ಸುತ್ತಿನ ಕೊನೆಗೆ ಆ ಎಡವು ಬಂತು. ಬಿದ್ದುಹೋದ ಭುಜದ ಎಡವು. ಮತ್ತೆ ಸುತ್ತು, ಮತ್ತೆ ಎಡವು. ಬದುಕಿದ್ದಾಗಿನದಕ್ಕಿಂತ ಜೋರಾಗಿ. ನಿಲ್ಲಿಸಲು ಬಾರದವಳು, ಎದುರಿನವಳು ನಿಲ್ಲಿಸಲಿ ಎಂದು ಕಾಯುತ್ತಾ ಎಳೆಯುವ ಎಳೆತ.

ಸಾಕು ಇನ್ನು ಎಂದಿದ್ದಳು ಅಕ್ಕ. ತಾನು ಮೊದಲನೆಯ ಮಾತನ್ನು ಹಿಡಿದುಕೊಂಡು, ಎರಡನೆಯದನ್ನು ಸಾಯುವವರ ಆಯಾಸವೆಂದು ಬಿಟ್ಟುಬಿಟ್ಟಿದ್ದಳು. ಕಲ್ಲನ್ನು ತಲೆಯ ಮೇಲಿಡು ಎಂದರೆ ಯಾರೂ ತಿರುಗಿಸಲಾಗದ ಕಡೆ ಇಡು ಎಂದು. ಅದನ್ನು ಇಟ್ಟು, ಗೂಟ ಗುದ್ದಿ, ಬಾಯಿಗೆ ಕಾಳು ಸುರಿದು, ಮಲಗಿದ್ದವಳನ್ನು ಎಬ್ಬಿಸಿ ಮತ್ತೆ ಬೀಸಲು ಕೂರಿಸಿದ್ದು ತಾನೇ. ದಿನವೂ ಹೋಗಿ ಇನ್ನೊಂದು ಹಿಡಿ ಹಾಕಿದ್ದೂ ತಾನೇ. ಹಿಟ್ಟನ್ನು ಕಂಡು ಮಾತೆಂದುಕೊಂಡಿದ್ದಳು. ನಿಜಕ್ಕೂ ಮಾತೇ ಅದು. ಹೇಳುತ್ತಿದ್ದದ್ದು ಮಾತ್ರ ಮೊದಲಿನಿಂದಲೂ ಒಂದೇ.

ತಂಗಿ ಕೈ ನಿಲ್ಲಿಸಿದಳು. ಕಲ್ಲು ನಿಂತಿತು.

"ಸಾಕು ಅಕ್ಕ" ಎಂದಳು. "ಇಳಿಸೋಣ."

ಗೂಟವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಕಾವಲುಗಾರನ ಎರಡು ಕೈಗೂ ಬಾರದ್ದು, ಕೆಳಗಿನಿಂದ ಯಾರೋ ತಳ್ಳಿಕೊಟ್ಟ ಹಾಗೆ ಹಗುರವಾಗಿ ಬಂದುಬಿಟ್ಟಿತು. ಅದರ ತುದಿ ಒದ್ದೆಯಾಗಿರಲಿಲ್ಲ. ಬಿಸಿಯಾಗಿತ್ತು.

ಕೊಡೆಯ ಕೆಳಗಿನಿಂದ ನರ್ಸಮ್ಮ ಕೇಳಿದಳು. "ಈಗ ಏನು ಮಾಡೋದು ಹೇಳು."

"ನಿಮ್ಮ ನಿಯಮ ಸರಿಯಾಗಿದೆ ನರ್ಸಮ್ಮ. ತಿರುಗೋದು ಇರಬಾರದು. ಕಲ್ಲಿನ ಬಾಯಿ, ಗೂಟದ ಕುಳಿ ಎರಡನ್ನೂ ಗಾರೆ ಹಾಕಿ ಮುಚ್ಚಿಸಿ. ಸುತ್ತಲೂ ಗಾರೆ ಹಾಕಿ ಕೂರಿಸಿ, ಅಲ್ಲಾಡಬಾರದು. ಮರ ನಾನು ತಗೊಂಡು ಹೋಗ್ತೀನಿ. ಆಮೇಲೆ ಅದು ಬರೀ ಕಲ್ಲು. ಗೇಣೆತ್ತರ, ಚಪ್ಪಡಿ ಅಂಚಲ್ಲಿ ಹೆಸರು."

ನರ್ಸಮ್ಮ ಕೊಡೆ ಓರೆಮಾಡಿ ಕಲ್ಲನ್ನು ನೋಡಿದಳು, ತಂಗಿಯನ್ನು ನೋಡಿದಳು. ಕನ್ನಡಕದವರ ಕಡೆಗೆ ತಿರುಗಿ, "ನೀವೇನಂತೀರಿ?" ಎಂದಳು.

"ಹಿಟ್ಟು ಬರದಿದ್ರೆ ನನ್ನದೇನೂ ಇಲ್ಲ."

"ಹಾಗಾದ್ರೆ ಇರಲಿ" ಎಂದಳು ನರ್ಸಮ್ಮ. "ಗುಂಡಗಿರಬಾರದು ಅಂತ ಬೋರ್ಡಲ್ಲಿ ಬರೆದಿಲ್ಲ."

ಗಾರೆಯವನು ಗಾರೆ ಕಲಸತೊಡಗಿದ. ಕನ್ನಡಕದವರು ತಂಗಿಯ ಹತ್ತಿರ ಬಂದು ನಿಂತರು. ದನಿ ತಗ್ಗಿಸಿ ಕೇಳಿದರು.

"ಅಮ್ಮ, ಒಂದು ಮಾತು. ನಮ್ಮನೆಯವಳಿಗೆ ಕನ್ನಡಕ ಇಲ್ಲದಿದ್ರೆ ಏನೂ ಕಾಣ್ತಿರಲಿಲ್ಲ. ಅದಕ್ಕೆ ಹೋಗುವಾಗ ಹಾಕಿಯೇ ಕಳಿಸಿದೆ. ಹೊಸದು, ಒಳ್ಳೆ ಗಾಜು." ಸ್ವಲ್ಪ ತಡೆದರು. "ಅವಳಿಗೆ ಈಗಲೂ ಕಾಣ್ತಿರುತ್ತಾ?"

ತಂಗಿ ಏನು ಹೇಳಿಯಾಳು? "ಕಣ್ಣು ಮುಚ್ಚಿಕೊಂಡಿರ್ತಾರೆ ಬಿಡಿ" ಎಂದಳು.

ಅವರು ತಲೆಯಾಡಿಸಿ ಹೆಂಡತಿಯ ಕಲ್ಲಿಗೆ ಹೊದಿಸಿದ್ದ ಬಟ್ಟೆ ತೆಗೆದರು. ಕಪ್ಪು ಹೊಳಪಿನಲ್ಲಿ ಅವರದೇ ಮುಖ ಅವರನ್ನು ನೋಡಿತು. ಒರೆಸಲು ಎತ್ತಿದ ಕೈಯನ್ನು, ಮುಚ್ಚಿದ ಕಣ್ಣು ತೆರೆದೀತೆಂಬಂತೆ, ಹಾಗೇ ಇಳಿಸಿದರು. ಅಂದಿನಿಂದ ಅವರು ಆ ಕಲ್ಲನ್ನು ಒರೆಸುವುದು ಬಿಟ್ಟರೆಂದು ಕಾವಲುಗಾರ ಹೇಳುತ್ತಾನೆ. ಬರುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ, ಎದುರಿಗೆ ಮಾತ್ರ ನಿಲ್ಲುವುದಿಲ್ಲ.

ಮಾರನೆಯ ಬೆಳಿಗ್ಗೆ ತಂಗಿ ಮೂಲೆಯ ಕಲ್ಲಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ನೆಲದ ಹಾಗೆ, ಗೋಡೆಯ ಹಾಗೆ ತಣ್ಣಗೆ. ಬೆಕ್ಕು ಬಂದು ಹತ್ತಿ, ಪಾದ ಎತ್ತಿ ಝಾಡಿಸಿ ಇಳಿದುಹೋಯಿತು. ಅಕ್ಕ ಮಲಗಿದಳು ಎಂದುಕೊಂಡಾಗ ತಂಗಿಯ ಎದೆ ಹಗುರವಾಯಿತು. ಇನ್ನು ತನ್ನ ಜತೆ ಯಾರೂ ಮಾತಾಡುವುದಿಲ್ಲ ಎಂದು ಹೊಳೆದಾಗ ಕಣ್ಣು ತುಂಬಿತು.

ಬಾಗಿಲಲ್ಲಿ ಯಾರೋ ಕೂಸಿಗೆ ಹಿಟ್ಟು ಬೇಕೆಂದು ಕಾಳಿನ ಚೀಲ ಹಿಡಿದು ಬಂದಿದ್ದರು. "ಕಲ್ಲು ಇಳಿಸಿಬಿಟ್ಟೆ ತಾಯಿ. ಗಿರಣಿಗೆ ಹೋಗಿ" ಎಂದು ಕಳಿಸಿದಳು.

ಆಮೇಲೆ ಗೂಟವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಬಳಿ ಕೂತಳು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತನ್ನ ಜಾಗದಲ್ಲಲ್ಲ, ಅಕ್ಕನ ಜಾಗದಲ್ಲಿ. ನೆಲ ಅಲ್ಲಿ ಸ್ವಲ್ಪ ತಗ್ಗಾಗಿತ್ತು. ತಲೆಯೆತ್ತಿ ನೋಡಿದವಳು ಬೆಚ್ಚಿದಳು.

ಎದುರಿನ ಗೋಡೆಯ ಮೇಲೆ ಒಬ್ಬಳು ಕೂತಿದ್ದಳು. ತಂಗಿಯ ಬೆನ್ನು ತಾಗಿ ತಾಗಿ, ಎಣ್ಣೆಗೂದಲು ಒರಗಿ ಒರಗಿ, ಗೋಡೆಯಲ್ಲಿ ಮೂಡಿದ ಕಪ್ಪು ಕಲೆ ಅದು. ತಲೆ, ಭುಜ, ಬಾಗಿದ ಬೆನ್ನು, ಎಲ್ಲ ಇತ್ತು. ಮುಖ ಇರಲಿಲ್ಲ. ಮೂಲೆಯ ಮಬ್ಬಿನಲ್ಲಿ ಅದು ಮುಂದಕ್ಕೆ ವಾಲಿ, ಇನ್ನೊಂದು ಸುತ್ತು ಎಳೆ ಎಂದು ಕೈ ಚಾಚಿ ಕಾಯುತ್ತಿರುವಂತೆ ಕಾಣುತ್ತಿತ್ತು. ಮುಖ ನೋಡಿಕೊಂಡು ಕೂರೋಣ ಎಂದಿದ್ದ ಅಕ್ಕ ಅಷ್ಟು ವರ್ಷ ಎದುರಿಗೆ ನೋಡಿದ್ದು ಇದನ್ನೇ, ಮುಖವಿಲ್ಲದೆ ಎಳೆಸುತ್ತಲೇ ಇದ್ದವಳನ್ನು. ಮಡಿಲಿನ ಗೂಟ ಅಲುಗಿದಂತಾಯಿತು. ತಂಗಿ ಅದನ್ನು ಎರಡೂ ಕೈಯಿಂದ ಅವುಚಿ ಹಿಡಿದಳು.

"ಏ ಹುಡುಗಿ" ಎಂದು ಸೊಸೆಯನ್ನು ಕರೆದಳು. "ಮನೇಲಿ ಸುಣ್ಣ ಇದೆಯಾ?"

"ಇರಬೇಕು. ಯಾಕತ್ತೆ?"

"ಈ ಗೋಡೆಗೆ ಹೊಡೀಬೇಕು."

"ಈಗಲೇನಾ? ಅಡುಗೆ ಆಗಿಲ್ಲ ಇನ್ನೂ."

"ಈಗಲೇ. ಮೊದಲು ಈ ಗೂಟನ ಒಲೆಗೆ ಹಾಕು, ಅಡುಗೆನೂ ಆಗುತ್ತೆ."

ಸೊಸೆ ಗೂಟವನ್ನು ತೆಗೆದುಕೊಂಡು ಒಳಗೆ ಹೋದಳು. ಒಲೆಯಲ್ಲಿ ಅದು ಹೊತ್ತಿಕೊಳ್ಳುವ ಸದ್ದು ಕೇಳುವವರೆಗೂ ತಂಗಿ ಅಕ್ಕನ ಜಾಗದಿಂದ ಏಳಲಿಲ್ಲ, ಗೋಡೆಯಿಂದ ಕಣ್ಣು ತೆಗೆಯಲಿಲ್ಲ.